ನಮ್ಮ ಗಜನಿಯನ್ನು ಪಾಳು ಎನ್ನಬೇಡಿ

ಭಾನುವಾರ ಊರಿನಲ್ಲಿ ನಡೆದ ಸಭೆಯಿಂದ ಮರಳಿ ಎರಡು ದಿನ ಕಳೆದರೂ ಸಿಟ್ಟು ಇಳಿದಿಲ್ಲ. ಹೊಳೆಯಂಚಿನ ಜಮೀನುಗಳ ಬಗ್ಗೆ ಮಾತನಾಡಲು ಬಂದವರೊಬ್ಬರು ಕಿಟಕಿಯ ಆಚೆ ಕೈಚಾಚಿ, "ಇಷ್ಟು ಪಾಳು ಭೂಮಿ ಸುಮ್ಮನೆ ಬಿದ್ದಿದೆಯಲ್ಲ" ಎಂದರು. ಅವರು ಹೊರಗಿನವರು, ಅವರಿಗೆ ಕಂಡದ್ದು ಕೆಸರು ಮತ್ತು ನೀರು ಅಷ್ಟೇ. ನನಗೆ ನೋವಾದದ್ದು ಮುಂದಿನ ಸಾಲಿನಲ್ಲಿದ್ದ ನಮ್ಮವರೇ ಹೌದೆಂದು ತಲೆಯಾಡಿಸಿದ್ದಕ್ಕೆ. ತೂಬಿನ ಹಲಗೆ ಎತ್ತಿ ಇಳಿಸಿ ಅಂಗೈ ದಡ್ಡುಗಟ್ಟಿಸಿಕೊಂಡವರ ಮಕ್ಕಳು ಅವರು.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕಿಕೊಳ್ಳದೆ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಹೊಳೆ. ಸೇರುವ ಮೊದಲು ಅದು ಹರಡಿಕೊಳ್ಳುತ್ತದೆ. ಭರತ ಬಂದಾಗ ಉಪ್ಪುನೀರು ಹೊಳೆಯೊಳಗೆ ಮೈಲಿಗಟ್ಟಲೆ ಏರುತ್ತದೆ, ಇಳಿತವಾದಾಗ ಹಿಂದಕ್ಕೆ ಸರಿಯುತ್ತದೆ. ಆ ನೀರಿಗೆ ಒಡ್ಡು ಕಟ್ಟಿ, ಒಡ್ಡಿಗೆ ತೂಬು ಇಟ್ಟು ಹಿರಿಯರು ಮಾಡಿದ ಗದ್ದೆಯೇ ಗಜನಿ. ಘಟ್ಟದ ಮೇಲಿನ ಸ್ನೇಹಿತರು ಇದನ್ನು ಕೆರೆಯೆಂದೋ ಜೌಗೆಂದೋ ತಿಳಿಯುತ್ತಾರೆ, ಅದಕ್ಕಾಗಿ ಇಷ್ಟು ಹೇಳಿದೆ.

ಈ ಗದ್ದೆಯಲ್ಲಿ ಬೆಳೆಯುತ್ತಿದ್ದುದು ಕಗ್ಗ ಎಂಬ ಭತ್ತ. ಬೇಸಿಗೆಯ ಕೊನೆಗೆ ತೂಬು ಮುಚ್ಚಿ ನೀರು ಬಸಿದು, ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುವವರೆಗೆ ಕಾದು, ಮೊಳಕೆ ಬರಿಸಿದ ಬೀಜವನ್ನು ಎರಚುತ್ತಿದ್ದರು. ಗೊಬ್ಬರ ಬೇಡ, ಔಷಧ ಬೇಡ. ನೆರೆ ಬಂದು ಕೆಲವು ದಿನ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ, ಮಣ್ಣಿನಲ್ಲಿ ಉಳಿದ ಉಪ್ಪಿಗೆ ಸುಡುವುದೂ ಇಲ್ಲ. ನೀರು ಏರಿದಂತೆ ಅದೂ ಎದೆಮಟ್ಟ ಏರುತ್ತದೆ. ಅಕ್ಟೋಬರಿನ ಸುಮಾರಿಗೆ ತೆನೆಯನ್ನಷ್ಟೇ ಕೊಯ್ದು ಉದ್ದನೆಯ ಹುಲ್ಲನ್ನು ಗದ್ದೆಯಲ್ಲಿಯೇ ಬಿಟ್ಟು ತೂಬು ತೆರೆಯುತ್ತಿದ್ದರು. ಭರತದ ನೀರಿನೊಂದಿಗೆ ಶೆಟ್ಲಿಯ (ಸಿಗಡಿಯ) ಮರಿ, ನೊಗಲಿ ಮೀನಿನ ಮರಿ ಒಳಗೆ ಬಂದು, ಆ ಹುಲ್ಲು ಕೊಳೆತದ್ದನ್ನೇ ತಿಂದು ದೊಡ್ಡವಾಗುತ್ತಿದ್ದವು. ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು. ಒಂದೇ ನೆಲ ಎರಡನ್ನೂ ಕೊಡುತ್ತಿದ್ದ ಇಂಥ ಜಾಗವನ್ನು ಯಾವ ಬಾಯಿಂದ ಪಾಳು ಎನ್ನಬೇಕು?

ನನ್ನ ಅಜ್ಜಿ ಕಗ್ಗದ ಕೆಂಪು ಗಂಜಿ ಉಂಡು ಬೆಳೆದವಳು. ಅಂಗಡಿಯ ಬಿಳಿ ಅಕ್ಕಿಯ ಅನ್ನ ಉಂಡ ದಿನ ಅವಳು ಮಧ್ಯಾಹ್ನವೇ ಹಸಿವೆನ್ನುತ್ತಿದ್ದಳು. ಇಳಿತದ ಹೊತ್ತು ನೋಡಿಕೊಂಡು ಸೊಂಟಮಟ್ಟ ನೀರಿಗಿಳಿದು ಕಾಲಿನಿಂದ ಕೆಸರು ತಡಕಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಳು. ಗಡಿಯಾರ ಓದಲು ಬಾರದಿದ್ದರೂ ಯಾವ ತಿಥಿಗೆ ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಎಂಬುದು ಅವಳಿಗೆ ತಪ್ಪುತ್ತಿರಲಿಲ್ಲ. ಮಳೆಗಾಲದಲ್ಲಿ ಒಡ್ಡು ಬಿರಿದ ರಾತ್ರಿಗಳ ಕಥೆಯನ್ನು ಅಜ್ಜ ಹೇಳುತ್ತಿದ್ದ. ಯಾರ ಗದ್ದೆ ಎಂದು ಯಾರೂ ಕೇಳುತ್ತಿರಲಿಲ್ಲವಂತೆ. ಒಂದು ಕಡೆ ಉಪ್ಪುನೀರು ನುಗ್ಗಿದರೆ ಎಲ್ಲರ ಕಗ್ಗವೂ ಹೋಗುತ್ತದೆಯಾದ್ದರಿಂದ, ಜಗಳವಾಡಿ ಮಾತುಬಿಟ್ಟಿದ್ದ ಮನೆಯವರೂ ಲಾಟೀನು ಹಿಡಿದು ಬಂದು ಮಣ್ಣು ಹೊರುತ್ತಿದ್ದರಂತೆ.

ಈ ನೆಲದ ಉಪ್ಪಿಗೂ ಒಂದು ಚರಿತ್ರೆಯಿದೆ. ಇದೇ ಅಳಿವೆಯ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಇಲ್ಲಿಂದ ದೂರವಿಲ್ಲದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದರು. ಮಿರ್ಜಾನದ ಕೋಟೆಯ ಕೆಳಗಿನಿಂದ ಕಾಳುಮೆಣಸು ತುಂಬಿದ ದೋಣಿಗಳು ಕಡಲಿಗೆ ಹೋದದ್ದೂ ಇದೇ ಹೊಳೆಯಲ್ಲಿ. ಕೋಟೆಗೆ ಫಲಕವಿದೆ, ಪ್ರವಾಸಿಗರಿದ್ದಾರೆ. ಗಜನಿಯ ಒಡ್ಡು ಕಟ್ಟಿದವರಿಗೆ ಅದಾವುದೂ ಇಲ್ಲ.

ಹಾಗಾದರೆ ಇದು ಹಾಳಾದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಸರ್ಕಾರ ಮಣ್ಣಿನ ಒಡ್ಡಿನ ಜಾಗದಲ್ಲಿ ಗಟ್ಟಿ ಒಡ್ಡು ಕಟ್ಟಿಸಿತು. ಅದು ಉಪಕಾರವೇ, ಆದರೆ ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಮಣ್ಣು ಹೊರುವ ಅಗತ್ಯ ಅದರೊಂದಿಗೆ ಹೋಯಿತು. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ನಮ್ಮ ಮನೆಗೂ ನೆಲ ಬಂದದ್ದು ಹಾಗೆಯೇ, ಆ ಋಣವನ್ನು ನಾನು ಮರೆಯುವವನಲ್ಲ. ಆದರೆ ತೂಬನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ಒಟ್ಟಾಗಿ ತೀರ್ಮಾನಿಸುವ ಏರ್ಪಾಡನ್ನು ಹೊಸದಾಗಿ ಕಟ್ಟಿಕೊಳ್ಳಲು ನಮ್ಮಿಂದ ಆಗಲಿಲ್ಲ. ಆಮೇಲೆ ಶೆಟ್ಲಿ ಸಾಕುವವರು ಬಂದರು, ರೊಕ್ಕ ಬಂತು, ವರ್ಷವಿಡೀ ಉಪ್ಪುನೀರು ನಿಂತಿತು. 1990ರ ದಶಕದ ನಡುವೆ ಬಿಳಿಚುಕ್ಕಿ ರೋಗ ತಗುಲಿ ಶೆಟ್ಲಿ ಸತ್ತಾಗ ಗುತ್ತಿಗೆಯವರು ಹೊರಟುಹೋದರು. ಅಷ್ಟು ಹೊತ್ತಿಗೆ ಕಗ್ಗದ ಬೀಜ ಎಷ್ಟೋ ಮನೆಗಳಲ್ಲಿ ಮುಗಿದಿತ್ತು. ಮಾಣಿಕಟ್ಟಾದಂತಹ ಕೆಲವು ಕಡೆ ರೈತರು ಕೂಡಿ ಉಳಿಸಿಕೊಂಡಿದ್ದರಿಂದ ಅದರ ವಂಶ ಇನ್ನೂ ಇದೆ.

"ಕಗ್ಗ ಕೊಯ್ಯಲು ಈಗ ಯಾರು ಕೆಸರಿಗೆ ಇಳಿಯುತ್ತಾರೆ? ಇಳುವರಿ ಎಷ್ಟು? ಹುಡುಗರೆಲ್ಲ ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ" ಎಂದು ಸಭೆ ಮುಗಿದ ಮೇಲೆ ಗೆಳೆಯನೊಬ್ಬ ಕೇಳಿದ. ಅವನ ಮಾತು ಸುಳ್ಳಲ್ಲ. ನಾನೂ ಹಾಗೆ ಹೋದವರಲ್ಲಿ ಒಬ್ಬ. ಆದರೆ ಇಳಿಯುವ ಕಾಲುಗಳು ಕಡಿಮೆಯಾದವೆಂದರೆ ಕೆಸರು ಪಾಳು ಆಗುವುದಿಲ್ಲ. ಇಂದಿಗೂ ಭರತದೊಂದಿಗೆ ಮೀನಿನ ಮರಿ ಬರುತ್ತದೆ, ಒಡ್ಡಿನ ಅಂಚಿನಲ್ಲಿ ಉಪ್ಪುನೀರಿನ ಕಾಂಡ್ಲಾ ಗಿಡ ಚಿಗುರುತ್ತದೆ, ಚಳಿಗಾಲದಲ್ಲಿ ದೂರದ ಹಕ್ಕಿಗಳು ಇಳಿಯುತ್ತವೆ, ನೂರಾರು ಹೆಂಗಸರು ಬಳಚು ಆರಿಸಿ ಮನೆ ನಡೆಸುತ್ತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತು ಮಹತ್ವದ್ದೆಂದು ಬರೆದುಕೊಂಡದ್ದನ್ನು ನಾವು ಪಾಳು ಎನ್ನುತ್ತಿದ್ದೇವೆ. ಒಮ್ಮೆ ಆ ಪದ ಕಾಗದದಲ್ಲಿ ಕುಳಿತರೆ ಅದರ ಬೆನ್ನಿಗೆ ಬೇರೆಯವರ ಯೋಜನೆ ಬರುತ್ತದೆ. ಇದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರದ ಪ್ರಸ್ತಾಪ ಬಂದಾಗ ಊರೂರು ಎದ್ದು ನಿಂತದ್ದನ್ನು ನೋಡಿದವರು ಇದನ್ನು ಮರೆಯಬಾರದು.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಪಾಲುಪಟ್ಟಿ ಬರೆಸಿದಾಗ, ಗಜನಿಯ ತುಂಡಿನ ಎದುರು ಏನು ಬರೆಯಲಿ ಎಂದು ಕೇಳಿದವರಿಗೆ "ಪಾಳು" ಎಂದು ಹೇಳಿದವನು ನಾನೇ. ತೋಟದ ಪಾಲು ಬೇಗ ಇತ್ಯರ್ಥವಾಗಲಿ ಎಂಬ ಆತುರವಿತ್ತು. ಅಜ್ಜಿ ಆಗ ಬದುಕಿದ್ದಳು, ಜಗುಲಿಯ ಮೇಲೆ ಕುಳಿತಿದ್ದಳು, ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ಭಾನುವಾರ ಆ ಮನುಷ್ಯರ ಬಾಯಲ್ಲಿ ಅದೇ ಪದ ಬಂದಾಗ ನಾನು ಎದ್ದು ನಿಲ್ಲಲಾಗದೆ ಕುಳಿತದ್ದು ಇದೇ ಕಾರಣಕ್ಕೆ.

ನಿನ್ನೆ ವಕೀಲರಿಗೆ ಫೋನು ಮಾಡಿ ಆ ಪದವನ್ನು ತಿದ್ದಬಹುದೇ ಎಂದು ಕೇಳಿದೆ. ಎಲ್ಲ ಪಾಲುದಾರರೂ ಒಪ್ಪಿ ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕು ಎಂದರು. ಪಾಳು ಎಂಬುದರ ಬದಲು ಏನು ಬರೆಯಬೇಕು ಎಂದು ಕೇಳಿದಾಗ "ಕಗ್ಗದ ಗದ್ದೆ" ಎಂದೆ. ದೊಡ್ಡಪ್ಪನ ಮಗನಿಗೆ ಸಂಜೆ ವಿಷಯ ತಿಳಿಸಿದ್ದೇನೆ. ಅವನು ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ.