ಹಾಲು ಉಕ್ಕಿದ ಮಹಾಭಾರತ

ಅಕ್ಕನ ಮಗ ಫೋನಿನಲ್ಲಿ ಹಳೆಯ ಮಹಾಭಾರತ ನೋಡುತ್ತಿದ್ದ. ಪರವಾಗಿಲ್ಲವೇ ಹುಡುಗ ಎಂದು ಒಳಗೊಳಗೇ ಖುಷಿಪಟ್ಟೆ. ಆ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಶೀರ್ಷಿಕೆ ಹಾಡು ಬಾಯಿ ತೆರೆಯುವಷ್ಟರಲ್ಲಿ ಹೆಬ್ಬೆರಳಿನಿಂದ ಟಪಟಪ ಎಂದು ಎರಡು ಏಟು. ಹತ್ತು ಸೆಕೆಂಡು ಹೋಯಿತು. ಮತ್ತೆ ಟಪಟಪ. ಸೊಳ್ಳೆ ಹೊಡೆದ ಹಾಗೆ ಹಾಡನ್ನು ಹೊಡೆದು ಮುಗಿಸಿದ.

"ಲೋ, ಹಾಡು ಯಾಕೋ ಓಡಿಸ್ತೀಯಾ?"

"ಎಲ್ಲಾ ಎಪಿಸೋಡಲ್ಲೂ ಅದೇ ಹಾಡು, ಮಾಮ."

"ಅದನ್ನ ಹಾಡಿದ್ದು ಯಾರು ಗೊತ್ತಾ?"

"ಯಾರೋ ಮಹಾಭಾರತದವ್ರು."

ಯಾರೋ ಮಹಾಭಾರತದವರಂತೆ! ಸಂಜೆಯ ಕಾಫಿ ಕೆಟ್ಟುಹೋಯಿತು.

1988ರ ಅಕ್ಟೋಬರ್ 2ರ ಭಾನುವಾರ ದೂರದರ್ಶನದಲ್ಲಿ ಆ ಧಾರಾವಾಹಿ ಶುರುವಾದಾಗ ಮಹೇಂದ್ರ ಕಪೂರ್ ಅವರಿಗೆ 54 ವರ್ಷ. ಹಿನ್ನೆಲೆ ಗಾಯಕರೊಬ್ಬರು ಕಾಣಬೇಕಾದದ್ದನ್ನೆಲ್ಲ ಆಗಲೇ ಕಂಡಿದ್ದರು. 1957ರಲ್ಲೇ ಹಾಡಿನ ಸ್ಪರ್ಧೆಯೊಂದನ್ನು ಗೆದ್ದು ಸಿನಿಮಾಕ್ಕೆ ಬಂದವರು. 'ಗುಮ್ರಾಹ್', 'ಹಮ್‌ರಾಜ್' ಚಿತ್ರಗಳ ಹಾಡಿಗೆ ಫಿಲ್ಮ್‌ಫೇರ್ ಬಂದಿತ್ತು. ಸಿನಿಮಾ ಗಾಯಕರಿಗೂ ರಾಷ್ಟ್ರಪ್ರಶಸ್ತಿ ಕೊಡೋಣ ಎಂದು ಸರ್ಕಾರಕ್ಕೆ ಮೊದಲ ಸಲ ಅನ್ನಿಸಿದಾಗ ಅದು ಹೋದದ್ದು ಇವರಿಗೇ, 1967ರ 'ಉಪಕಾರ್' ಚಿತ್ರದ ಹಾಡಿಗೆ. 1972ರಲ್ಲಿ ಪದ್ಮಶ್ರೀ. ಮರಾಠಿಯಲ್ಲಿ ದಾದಾ ಕೋಂಡ್ಕೆ ಅವರ ತುಂಟ ಸಿನಿಮಾಗಳಿಗೂ ಇದೇ ಗಂಟಲು. 'ಗುಮ್ರಾಹ್', 'ಹಮ್‌ರಾಜ್' ಎರಡೂ ಬಿ.ಆರ್. ಚೋಪ್ರಾ ಅವರ ಚಿತ್ರಗಳು. ಹಾಗಾಗಿ ಮಹಾಭಾರತಕ್ಕೆ ಹಾಡಲು ಚೋಪ್ರಾ ಇವರನ್ನು ಕರೆದದ್ದು ಮನೆಯವರನ್ನೇ ಕರೆದ ಹಾಗೆ. ಬಂದರು, ಹಾಡಿದರು. ಆ ಹಾಡು 94 ಕಂತುಗಳ ಬಾಗಿಲಲ್ಲಿ ಹೋಗಿ ನಿಂತಿತು. ನಮ್ಮ ವಯಸ್ಸಿನವರಿಗೆ ಅದರ ಹಿಂದೆ ಇದ್ದದ್ದು ಯಾವುದೂ ಕಾಣಲಿಲ್ಲ.

ನಾನೇನೂ ಹುಡುಗನಿಗಿಂತ ಮೇಲಲ್ಲ ಬಿಡಿ. ಆ ಹಾಡು ಹೇಳುವವರಿಗೆ ಎದೆಯುದ್ದ ಗಡ್ಡ, ಕೊರಳಲ್ಲಿ ರುದ್ರಾಕ್ಷಿ ಇರುತ್ತದೆ, ಹಾಡು ಮುಗಿಸಿ ಮತ್ತೆ ಹಿಮಾಲಯಕ್ಕೆ ಹೋಗುತ್ತಾರೆ ಎಂದು ಬಹಳ ದಿನ ನಂಬಿದ್ದೆ. 'ಗುಮ್ರಾಹ್'ನಲ್ಲಿ ಪಿಯಾನೋ ಮುಂದೆ ಕೂತ ಸುನಿಲ್ ದತ್, ಇನ್ನು ನಾವಿಬ್ಬರೂ ಅಪರಿಚಿತರಾಗಿಬಿಡೋಣ ಎಂದು ಹಳೆಯ ಹುಡುಗಿಗೆ ಹೇಳುವುದು ಇದೇ ದನಿಯಲ್ಲಿ ಎಂದು ತಿಳಿದ ದಿನ, ಭೀಷ್ಮರು ಸಿಗರೇಟು ಸೇದುವುದನ್ನು ಕಂಡಷ್ಟು ಗಾಬರಿಯಾಗಿತ್ತು.

ಒಂದೇ ಹಾಡಿಗೆ ಹೆಸರಾಗುವುದು ಭಾಗ್ಯವೋ ಶಿಕ್ಷೆಯೋ? ಇದರ ಬಗ್ಗೆ ಒಂದು ಗಟ್ಟಿ ಮಾತು ಹೇಳಬೇಕೆಂದೇ ಬರೆಯಲು ಕೂತದ್ದು. ಅದಕ್ಕೆ ಮುಂಚೆ ಹಾಲಿನ ವಿಷಯ ಹೇಳಿಬಿಡುತ್ತೇನೆ.

1989ರ ಸ್ಕೂಲ್ ಡೇಗೆ ನಮ್ಮ ಕ್ಲಾಸಿನಿಂದ ಕುರುಕ್ಷೇತ್ರದ ನಾಟಕ. ನಾನು ಕೃಷ್ಣ. ಬಣ್ಣ ಕಪ್ಪಗಿದ್ದದ್ದು ಬಿಟ್ಟರೆ ಆ ಪಾತ್ರಕ್ಕೆ ನನ್ನಲ್ಲಿ ಬೇರೆ ಅರ್ಹತೆ ಇರಲಿಲ್ಲ. ಪರದೆ ಏಳುವಾಗ ಟಿವಿಯ ಆ ಹಾಡೇ ಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಕ್ಯಾಸೆಟ್ ಎಲ್ಲಿಂದ ತರುವುದು? "ನಮ್ಮ ಮನೇಲಿ ಟೇಪ್ ರೆಕಾರ್ಡರ್ ಇದೆ ಸಾರ್" ಎಂದೆ. ಬಾಯಿ ಸುಮ್ಮನಿರಬೇಕಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಅರ್ಧ ಬೀದಿಯೇ ಕೂತಿತ್ತು. ಟಿವಿಯ ಸ್ಪೀಕರಿಗೆ ಟೇಪ್ ರೆಕಾರ್ಡರನ್ನು ಮೂತಿಗೆ ಮೂತಿ ತಾಗುವಂತೆ ಹಿಡಿದು ಮಂಡಿಯೂರಿದೆ. ಹಾಡು ಮುಗಿಯುವ ತನಕ ಯಾರೂ ಉಸಿರೆತ್ತಬಾರದು ಎಂದು ಅಪ್ಪ ಎಲ್ಲರಿಗೂ ತಾಕೀತು ಮಾಡಿದರು. ಕೆಂಪು ಗುಂಡಿ, ಅದರ ಪಕ್ಕದ್ದು, ಎರಡನ್ನೂ ಒಟ್ಟಿಗೆ ಒತ್ತಿದೆ. ಪಾಪ, ಯಾರೂ ಕೆಮ್ಮಲಿಲ್ಲ. ಎದುರುಮನೆಯ ಮಗು ಕೂಡ ಬೆರಳು ಬಾಯಲ್ಲಿಟ್ಟುಕೊಂಡು ಸುಮ್ಮನಿತ್ತು. ಒಬ್ಬರಿಗೆ ಮಾತ್ರ ಅಪ್ಪನ ತಾಕೀತು ಕೇಳಿಸಿರಲಿಲ್ಲ. ಅಜ್ಜಿಗೆ ಕಿವಿ ಮಂದ. ಕಿವಿ ಮಂದವಾದವರು ಎಲ್ಲರಿಗೂ ಕಿವಿ ಮಂದ ಎಂದೇ ತಿಳಿದು ಮಾತಾಡುತ್ತಾರೆ, ಅಲ್ವಾ?

ಬಂದವರಿಗೆಲ್ಲ ಕಾಫಿ ಎಂದು ಅಮ್ಮ ದೊಡ್ಡ ಪಾತ್ರೆಯಲ್ಲಿ ಹಾಲಿಟ್ಟು ಬಂದಿದ್ದರು. ಹಾಡು ಮೇಲೇರುವ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಮೂರನೆಯದು ಅಜ್ಜಿ. "ಹಾಲು ಉಕ್ಕೋಯ್ತಲ್ಲೇ! ಒಲೆ ಆರಿಸೇ!"

ಇನ್ನೊಮ್ಮೆ ರೆಕಾರ್ಡ್ ಮಾಡಲು ಮುಂದಿನ ಭಾನುವಾರದ ತನಕ ಕಾಯಬೇಕು. ಸ್ಕೂಲ್ ಡೇ ಇದ್ದದ್ದು ಶುಕ್ರವಾರ. "ಮೊದಲ ಅರ್ಧ ಮಾತ್ರ ಹಾಕಿ ಸಾರ್, ಆಮೇಲೆ ನಿಲ್ಲಿಸಿ" ಎಂದು ಪಿ.ಟಿ. ಮೇಷ್ಟ್ರಿಗೆ ಮೂರು ಸಲ ಹೇಳಿದ್ದೆ. ಅವರು ಪರದೆಯ ಹಿಂದೆ ಮೈಕನ್ನು ಟೇಪ್ ರೆಕಾರ್ಡರಿಗೆ ಹಿಡಿದರು. ಪರದೆ ಎದ್ದಿತು. ಮುಖಕ್ಕೆ ಪೌಡರಿನ ಜೊತೆ ಬಟ್ಟೆಗೆ ಹಾಕುವ ನೀಲಿ ಕಲಸಿ ಬಳಿದಿದ್ದರು, ಕೆನ್ನೆ ಉರಿಯುತ್ತಿತ್ತು. ಒಂದು ಕೈಯಲ್ಲಿ ರಟ್ಟಿನ ಚಕ್ರ, ಇನ್ನೊಂದು ಕೈ ಅಭಯಹಸ್ತ. ಅರ್ಜುನ ಬಿಲ್ಲು ಕೆಳಗಿಟ್ಟ. ಮಹೇಂದ್ರ ಕಪೂರ್ ದನಿ ಇಡೀ ಮೈದಾನ ತುಂಬಿತು. ಜನ ಕೈಮುಗಿದರು, ನಿಜವಾಗಿ ಮುಗಿದರು. ಪಿ.ಟಿ. ಮೇಷ್ಟ್ರಿಗೂ ಭಕ್ತಿ ಬಂದಿರಬೇಕು. ಟೇಪ್ ನಿಲ್ಲಿಸಲಿಲ್ಲ. ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಆಮೇಲೆ ನಮ್ಮಜ್ಜಿ, ನಾಲ್ಕು ದಿಕ್ಕಿನ ಲೌಡ್‌ಸ್ಪೀಕರಿನಲ್ಲಿ.

ಅರ್ಜುನನೇ ಮೊದಲು ನಕ್ಕವನು. ಅದನ್ನು ನಾನು ಮರೆತಿಲ್ಲ.

ಅಂದಿನಿಂದ ನಾನು ಬಾಲಕೃಷ್ಣ ಅಲ್ಲ, ಹಾಲುಕೃಷ್ಣ. ಆಮೇಲೆ ಡಿಗ್ರಿ ಮಾಡಿದೆ, ಕೆಲಸಕ್ಕೆ ಸೇರಿದೆ, ಸಾಲ ತೀರಿಸಿದೆ, ಎರಡು ಕಥೆಯೂ ಅಚ್ಚಾಗಿವೆ. ಮದುವೆಮನೆಯಲ್ಲಿ ಹಳೆಯ ಗೆಳೆಯ ಸಿಕ್ಕರೆ ಮಾತ್ರ ಇವತ್ತಿಗೂ ಮೊದಲ ಮಾತು: "ಏನಪ್ಪಾ, ಹಾಲು ಉಕ್ತಾ?" ನಗುತ್ತೇನೆ. ಆದರೆ ಒಂದು ಮಾತು ಹೇಳುತ್ತೇನೆ, ಅದು ನಗು ಬರುವಂಥ ಮಾತೇನೂ ಅಲ್ಲ.

ಆ ಕ್ಯಾಸೆಟ್ ಏನಾಯಿತು ಎಂದರೆ, ಭಾವ ಅದರ ಮೇಲೆ ಯಾವುದೋ ಕ್ರಿಕೆಟ್ ಕಾಮೆಂಟರಿ ತುಂಬಿಸಿದರು. ಖಾಲಿ ಕ್ಯಾಸೆಟ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ಅವರ ದನಿ ಬೇರೆಲ್ಲೂ ಇಲ್ಲ. ಭಾವನ ಹತ್ತಿರ ಈ ಮಾತು ಎತ್ತಿದಾಗೆಲ್ಲ "ಅದರಲ್ಲಿ ಕುಕ್ಕರ್ ಸದ್ದೇ ಜಾಸ್ತಿ ಇತ್ತಲ್ಲೋ" ಎನ್ನುತ್ತಾರೆ. ಕ್ರಿಕೆಟ್ಟಾದರೂ ಗೆದ್ದಿದ್ದರೆ ಒಂದು ಮಾತು.

ಎಲ್ಲಿದ್ದೆ? ಒಂದೇ ಹಾಡಿಗೆ ಹೆಸರಾಗುವುದು. ನಮ್ಮ ಶಿವಮೊಗ್ಗ ಸುಬ್ಬಣ್ಣ ಅವರನ್ನೇ ನೋಡಿ. ವಕೀಲರಾಗಿದ್ದವರು. ಮಹೇಂದ್ರ ಕಪೂರ್ ಮೊದಲು ಪಡೆದ ಆ ರಾಷ್ಟ್ರಪ್ರಶಸ್ತಿಯೇ 1978ರ ಸಾಲಿನಲ್ಲಿ 'ಕಾಡು ಕುದುರೆ' ಚಿತ್ರದ ಹಾಡಿಗೆ ಇವರಿಗೂ ಬಂತು. ಆಮೇಲೆ ಎಷ್ಟೆಲ್ಲ ಭಾವಗೀತೆ ಹಾಡಿದರೂ ನಮ್ಮ ಮನೆಯಲ್ಲಿ ಅವರು ಕಾಡು ಕುದುರೆ ಸುಬ್ಬಣ್ಣನೇ. ಮಹೇಂದ್ರ ಕಪೂರ್ 2008ರ ಸೆಪ್ಟೆಂಬರ್ 27ರಂದು ತೀರಿಕೊಂಡಾಗಲೂ ಅಮ್ಮನಿಗೆ ನಾನು ಫೋನಿನಲ್ಲಿ ಹೇಳಿದ್ದು "ಮಹಾಭಾರತದವ್ರು ಹೋದರಂತೆ" ಎಂದೇ. ಬೇರೆ ಹೇಗೆ ಹೇಳಿದ್ದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕನ ಮಗನಿಗೆ ಕುತೂಹಲ ಹುಟ್ಟಿತು. ಮಹೇಂದ್ರ ಕಪೂರ್ ಬಗ್ಗೆ ಅಲ್ಲ.

"ಕುಕ್ಕರ್ ಎಲ್ಲಿ ಕೂಗುತ್ತೆ ಮಾಮ, ತೋರಿಸು."

ಹಾಡನ್ನು ಮೊದಲಿನಿಂದ ಹಾಕಿಸಿದೆ. ಇಬ್ಬರೂ ಫೋನಿಗೆ ಕಿವಿ ಕೊಟ್ಟು ಕೂತೆವು. ಹಾಡು ಮೇಲೇರಿತು. "ಈಗ" ಎಂದು ಬೆರಳೆತ್ತಿದೆ. ಸದ್ದಿಲ್ಲ, ಗದ್ದಲವಿಲ್ಲ. ಹಾಡು ತನ್ನ ಪಾಡಿಗೆ ಮುಂದೆ ಹೋಯಿತು.

"ಆಯ್ತಾ ಮಾಮ?" ಎಂದ ಹುಡುಗ, ಹೆಬ್ಬೆರಳು ಸಿದ್ಧ ಮಾಡಿಕೊಂಡು. "ಇನ್ನು ಓಡಿಸ್ಲಾ?"