ಅಂದಾಜಿನ ನಾನು

ಈ ಸಲದ ಕರೆಂಟ್ ಬಿಲ್ಲಿನ ಮೂಲೆಯಲ್ಲಿ ‘ಅಂದಾಜು’ ಅಂತ ಬರೆದಿತ್ತು. ಅದನ್ನು ಓದಲು ಕನ್ನಡಕ ಬೇಕು. ಮೊತ್ತ ಮಾತ್ರ ಕೋಣೆಯ ಆಚೆ ತುದಿಯಿಂದಲೂ ಕಾಣುವಷ್ಟು ದಪ್ಪ. ರೀಡಿಂಗನ್ನು ತಾನೇ ಕಂಪನಿಗೆ ಕಳಿಸಬೇಕಾದ ನಮ್ಮ ಸ್ಮಾರ್ಟ್ ಮೀಟರು ಸಿಗ್ನಲ್ ಕಳೆದುಕೊಂಡಿದೆಯಂತೆ. ಆದ್ದರಿಂದ ಹೋದ ವರ್ಷ ಇದೇ ತಿಂಗಳು ಎಷ್ಟು ಉರಿಸಿದ್ದೆವೋ ಈ ವರ್ಷವೂ ಅಷ್ಟೇ ಉರಿಸಿದ್ದೇವೆ ಎಂದು ಕಂಪನಿಯವರೇ ತೀರ್ಮಾನಿಸಿದ್ದಾರೆ. ಹೋದ ವರ್ಷ ಮನೆ ತುಂಬ ನೆಂಟರಿದ್ದರು. ಈ ವರ್ಷ ತಿಂಗಳ ಬಹುಪಾಲು ಮನೆಗೆ ಬೀಗ. ಬೀಗ ಹಾಕಿದ ಮನೆಯೊಳಗೆ ಅಂದಾಜಿನ ನಾನೊಬ್ಬ ಗೀಸರ್ ಆರಿಸದೆ, ಫ್ಯಾನ್ ನಿಲ್ಲಿಸದೆ, ನಡುರಾತ್ರಿಯವರೆಗೆ ಟಿವಿ ನೋಡಿಕೊಂಡು ಮಜವಾಗಿದ್ದಾನೆ. ದುಡ್ಡು ಕಟ್ಟಬೇಕಾದವನು ಮಾತ್ರ ನಾನು.

ಬಿಲ್ಲಿನ ಮೇಲೆ ಅನುಮಾನ ಬಂದಾಗಲೆಲ್ಲ ನನಗೆ ಅಮೆರಿಕದ ಬ್ಯಾಂಕರ್ ಜೆ. ಪಿ. ಮಾರ್ಗನ್ ನೆನಪಾಗುತ್ತಾನೆ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಕರೆಂಟ್ ಹಂಚಲು ಶುರು ಮಾಡಿದಾಗ ಅವನ ಮೀಟರಿನಲ್ಲಿ ಅಂಕಿಯೂ ಇರಲಿಲ್ಲ, ಮುಳ್ಳೂ ಇರಲಿಲ್ಲ. ಒಂದು ಗಾಜಿನ ಜಾಡಿ, ಒಳಗೆ ದ್ರಾವಣ, ಅದರಲ್ಲಿ ಮುಳುಗಿದ ಎರಡು ಸತುವಿನ ತಗಡು, ಇಷ್ಟೇ. ಕರೆಂಟಿನ ಒಂದು ಚೂರು ಅದರ ಮೂಲಕ ಹರಿದಂತೆ ಒಂದು ತಗಡಿನ ಸತು ಕರಗಿ ಇನ್ನೊಂದಕ್ಕೆ ಹೋಗಿ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಬಂದು ತಗಡು ಒಯ್ದು, ತೂಗಿ, ಬಿಲ್ ಬರೆಯುತ್ತಿದ್ದರು. ಗಿರಾಕಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಎಡಿಸನ್ನನ ಉದ್ಯಮಕ್ಕೆ ಬಂಡವಾಳ ಹಾಕಿದವರಲ್ಲಿ ಒಬ್ಬನಾದ ಮಾರ್ಗನ್ನನಿಗೇ ಆ ಜಾಡಿಯ ಮೇಲೆ ನಂಬಿಕೆ ಇರಲಿಲ್ಲ.

ಆತ ಕಾರ್ಡು ಅಚ್ಚು ಹಾಕಿಸಿ ತನ್ನ ಆಫೀಸಿನ ದೀಪಗೊಂಚಲುಗಳಿಗೆಲ್ಲ ನೇತುಹಾಕಿಸಿದ. ಎಷ್ಟು ದೀಪ, ಎಷ್ಟು ಹೊತ್ತಿಗೆ ಹಚ್ಚಿದ್ದು, ಎಷ್ಟು ಹೊತ್ತಿಗೆ ಆರಿಸಿದ್ದು ಎಲ್ಲ ಅದರಲ್ಲಿ ದಾಖಲಾಗಬೇಕು. ತಿಂಗಳ ಕೊನೆಗೆ ಗುಮಾಸ್ತ ಕೂಡಿ ನೋಡಿದರೆ ಬಿಲ್ಲೇ ಜಾಸ್ತಿ! ಮಾರ್ಗನ್ ಹಿಗ್ಗಿದ. ಎರಡನೇ ತಿಂಗಳೂ ಅದೇ ಕತೆ. ಆಗ ಎಡಿಸನ್ ಖುದ್ದು ಆಫೀಸಿಗೆ ಹೋಗಿ ಸುತ್ತಮುತ್ತ ನೋಡಿ, “ಇಲ್ಲಿ ಕಸ ಗುಡಿಸುವುದು ಯಾವಾಗ?” ಎಂದು ಕೇಳಿದ. ರಾತ್ರಿಯಂತೆ. ಗುಡಿಸುವವನನ್ನು ಕರೆಸಿದರು. ಅವನು ಹತ್ತು ದೀಪದ ನಡುಗೊಂಚಲನ್ನು ಹಚ್ಚಿಕೊಂಡು ಗುಡಿಸುತ್ತಿದ್ದ. ಕಾರ್ಡಿನಲ್ಲಿ ಬರೆಯಬೇಕೆಂದು ಅವನಿಗೆ ಯಾರು ಹೇಳಿದ್ದರು? ಮೂರನೇ ತಿಂಗಳು ಅವನೂ ಬರೆದ. ಲೆಕ್ಕ ಕೆಲವೇ ಸೆಂಟುಗಳ ಅಂತರದಲ್ಲಿ ತಾಳೆಯಾಯಿತು.

ಈ ಕತೆಯನ್ನು ಮೀಟರಿನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಹೇಳುತ್ತಾರೆ. ನನಗೆ ಹೊಟ್ಟೆಕಿಚ್ಚು ಬೇರೆ ಕಾರಣಕ್ಕೆ. ತಕರಾರು ಬಂದರೆ ಕಂಪನಿಯ ಧಣಿಯೇ ಎದ್ದು ಬರುತ್ತಿದ್ದನಲ್ಲ!

ಇನ್ನು ಈಗಿನ ಮೀಟರುಗಳೇನು ಸತ್ಯಹರಿಶ್ಚಂದ್ರರಲ್ಲ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 9 ಎಲೆಕ್ಟ್ರಾನಿಕ್ ಮೀಟರುಗಳನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕು ತಗ್ಗಿಸುವ ಡಿಮ್ಮರ್ ಹಾಕಿದ ಎಲ್ಇಡಿ, ಸಿಎಫ್ಎಲ್ ದೀಪಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಟ್ಟಾಗ 5 ಮೀಟರುಗಳು ವಿಪರೀತ ಓಡಿದವು. ಒಂದಂತೂ ಶೇ 582ರಷ್ಟು ಹೆಚ್ಚು ತೋರಿಸಿತು. ಅದು ಪ್ರಯೋಗಾಲಯದ ಮಾತು, ಮನೆಮನೆಯ ಕತೆಯಲ್ಲ, ಒಪ್ಪಿದೆ. ಕೆಲವು ಕಡಿಮೆಯೂ ತೋರಿಸಿದವಂತೆ. ಅಂಥವು ಯಾವ ಪುಣ್ಯವಂತರ ಗೋಡೆ ಮೇಲಿವೆಯೋ!

ನಮ್ಮ ಮೀಟರಿನ ಪರದೆ ಪೂರಾ ಖಾಲಿ. ಪಕ್ಕದ ಕೆಂಪು ದೀಪ ಮಾತ್ರ ಮಿಟುಕುತ್ತಿದೆ. ಸಾವಿರ ಸಲ ಮಿಟುಕಿದರೆ ಒಂದು ಯೂನಿಟ್ ಎಂದು ಅದರ ಮೈಮೇಲೆಯೇ ಬರೆದಿದೆ. ಅಂದರೆ ಒಳಗೆ ಎಣಿಕೆ ನಡೆದೇ ಇದೆ. ಹೊರಗೆ ಬಾಯಿ ಬಿಡುವುದಿಲ್ಲ, ಅಷ್ಟೆ.

ಸಹಾಯವಾಣಿಯ ಹುಡುಗ ಬಹಳ ವಿನಯವಂತ. “ಚಿಂತೆ ಬೇಡ ಸರ್, ಮುಂದೆ ಸರಿಯಾದ ರೀಡಿಂಗ್ ಬಂದಾಗ ಹೊಂದಾಣಿಕೆ ಮಾಡುತ್ತೇವೆ” ಎಂದ. ಅಲ್ಲಿಯವರೆಗೆ ನನ್ನ ದುಡ್ಡು ಬಡ್ಡಿಯಿಲ್ಲದೆ ಅವರ ಬಳಿ. ನಾನು ಒಂದು ದಿನ ತಡ ಮಾಡಿದರೆ ದಂಡ. ಹಾಗಾದರೆ ನಾನೂ ಅಂದಾಜಿನ ಮೇಲೆ ದುಡ್ಡು ಕಟ್ಟಲೇ ಎಂದು ಕೇಳಿದೆ. ಅವನು ಆ ಪ್ರಶ್ನೆಯನ್ನು ನಯವಾಗಿ ದಾಟಿ, ಪರದೆಯ ಮೇಲಿನ ರೀಡಿಂಗಿನ ಫೋಟೊ ಕಳಿಸಿ ಎಂದ.

ಖಾಲಿ ಪರದೆಯ ಫೋಟೊ ತೆಗೆದು ಕಳಿಸಿದೆ. ‘ಅಂಕಿಗಳು ಸ್ಪಷ್ಟವಾಗಿಲ್ಲ, ಒಳ್ಳೆಯ ಬೆಳಕಿನಲ್ಲಿ ಮತ್ತೊಮ್ಮೆ ತೆಗೆಯಿರಿ’ ಎಂದು ಉತ್ತರ ಬಂತು. ಟಾರ್ಚ್ ಹಿಡಿದು ಮತ್ತೊಂದು ತೆಗೆದಿದ್ದೇನೆ. ಈ ಸಲ ಪರದೆ ಖಾಲಿಯಿರುವುದು ಬಹಳ ಸ್ಪಷ್ಟವಾಗಿ ಬಂದಿದೆ.