ಸಣ್ಣ ಗಾಳಿಯಂತ್ರಕ್ಕೆ ಸರ್ಕಾರದ ಹಣ ಬೇಕೇ? ಪರ-ವಿರೋಧ

ಪರ: ಕಂಬ ಏರಿಸಲು ಬಿಡಿ, ಯೂನಿಟ್ಟಿಗೆ ಹಣ ಕೊಡಿ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಎಗ್ ಅಂತ ಒಂದು ಪುಟ್ಟ ದ್ವೀಪವಿದೆ. 2008ರ ತನಕ ಅಲ್ಲಿನ ಹೆಚ್ಚಿನ ಮನೆಗಳಿಗೆ ಡೀಸೆಲ್ ಜನರೇಟರೇ ಗತಿ. ಆ ವರ್ಷ ದ್ವೀಪದವರು ತಮ್ಮದೇ ಗ್ರಿಡ್, ಅಂದರೆ ಮನೆಮನೆಗೆ ಕರೆಂಟು ಮುಟ್ಟಿಸುವ ಜಾಲ, ಶುರುಮಾಡಿದರು. ಹೊಳೆಯ ನೀರು, ಬಿಸಿಲು, ಜೊತೆಗೆ ತಲಾ 6 ಕಿಲೋವ್ಯಾಟ್‌ನ ನಾಲ್ಕು ಗಾಳಿಯಂತ್ರಗಳು. ಒಂದು ಮನೆ ಒಂದು ಸಲಕ್ಕೆ 5 ಕಿಲೋವ್ಯಾಟ್ ದಾಟಬಾರದು ಅಂತ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಇವತ್ತಿಗೂ ಅದು ನಡೆಯುತ್ತಿದೆ. ಆದರೆ ಇದಕ್ಕೆ ಹೊರಗಿನ ಅನುದಾನ ಬೇಕೇ ಬೇಕಾಯಿತು. ಊರವರ ಜೇಬಿನಿಂದಷ್ಟೇ ಆಗುವ ಕೆಲಸವಾಗಿರಲಿಲ್ಲ.

ಇಲ್ಲೇ ಇರೋದು ವಿಷಯ. ಗಾಳಿ ಪುಕ್ಕಟೆ, ಯಂತ್ರ ಪುಕ್ಕಟೆ ಅಲ್ಲ. ಖರ್ಚೆಲ್ಲ ಮೊದಲ ದಿನವೇ ಬೀಳುತ್ತದೆ, ಫಲ ಮಾತ್ರ ವರ್ಷಗಟ್ಟಲೆ ಹನಿಹನಿಯಾಗಿ ಬರುತ್ತದೆ. ದೊಡ್ಡ ಕಂಪನಿಗೆ ಬ್ಯಾಂಕು ತಾನಾಗಿ ಸಾಲ ಕೊಡುತ್ತದೆ. ಒಬ್ಬ ರೈತ, ಒಂದು ಗುಡ್ಡದ ಶಾಲೆ, ಇಪ್ಪತ್ತು ಮನೆಯ ಊರು ಕೇಳಿದರೆ ಅದೇ ಬ್ಯಾಂಕು ಮುಖ ತಿರುಗಿಸುತ್ತದೆ. ಆ ಕಂದಕ ತುಂಬುವುದು ಸರ್ಕಾರದ ಕೆಲಸ ಅಲ್ವಾ?

ಡೆನ್ಮಾರ್ಕ್ ಇದನ್ನು ಮಾಡಿ ತೋರಿಸಿತು. 1970ರ ದಶಕದಲ್ಲಿ ಕ್ರಿಸ್ಟಿಯನ್ ರೀಸಾಗರ್ ಎಂಬ ಬಡಗಿ ತನ್ನ ಮನೆಯಂಗಳದಲ್ಲಿ ಗಾಳಿಯಂತ್ರ ಕಟ್ಟಿ ಗ್ರಿಡ್‌ಗೆ ಜೋಡಿಸಿದ. 1979ರಲ್ಲಿ ಸರ್ಕಾರ ಯಂತ್ರದ ಬೆಲೆಯ ಶೇಕಡ 30ರಷ್ಟು ಸಹಾಯಧನ ಕೊಡಲು ಶುರುಮಾಡಿತು. ಸುಮ್ನೆ ಕೊಡಲಿಲ್ಲ. ರಿಸೋ ಎಂಬಲ್ಲಿನ ಪರೀಕ್ಷಾ ಕೇಂದ್ರ ಒಪ್ಪಿದ ಯಂತ್ರಕ್ಕೆ ಮಾತ್ರ ಹಣ. ಇತ್ತ ಮಾಲೀಕರ ಸಂಘ ಯಾವ ಯಂತ್ರ ಎಷ್ಟು ಯೂನಿಟ್ ಕೊಟ್ಟಿತು ಅಂತ ತಿಂಗಳು ತಿಂಗಳು ಅಚ್ಚು ಹಾಕಿತು. ಕೆಟ್ಟ ಯಂತ್ರದ ಬಣ್ಣ ಬಯಲಾಗಲು ಇನ್ನೇನು ಬೇಕು? ಯಂತ್ರ ಸುಧಾರಿಸಿದ ಹಾಗೆ ಸಹಾಯಧನ ಇಳಿಸುತ್ತಾ ಬಂದು 1989ರಲ್ಲಿ ನಿಲ್ಲಿಸಿದರು. ಇವತ್ತು ಜಗತ್ತಿಗೆಲ್ಲ ಗಾಳಿಯಂತ್ರ ಮಾರುವ ವೆಸ್ಟಾಸ್ ಆಗ ಕೃಷಿ ಉಪಕರಣ ಮಾಡುತ್ತಿದ್ದ ಕಂಪನಿ.

ಹಣದಷ್ಟೇ ಮುಖ್ಯವಾದದ್ದು ಪರವಾನಗಿ. ನನಗೆ ಜಾಸ್ತಿ ಸಿಟ್ಟು ಬರುವುದೂ ಇಲ್ಲೇ. ಗಾಳಿಯ ವೇಗ ದುಪ್ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ನೆಲಕ್ಕೆ ಹತ್ತಿರದ ಗಾಳಿ ಗಿಡಮರಕ್ಕೆ, ಗೋಡೆಗೆ ಉಜ್ಜಿ ಸೋತಿರುತ್ತದೆ. ಬಯಲಿನಲ್ಲಿ 10 ಮೀಟರ್ ಕಂಬವನ್ನು 30 ಮೀಟರ್ ಮಾಡಿದರೆ ವೇಗ ಸುಮಾರು ಶೇಕಡ 17ರಷ್ಟು ಏರುತ್ತದೆ. ಸಣ್ಣದು ಅನ್ನಿಸುತ್ತೆ. ಆದರೆ ಶಕ್ತಿಯ ಲೆಕ್ಕದಲ್ಲಿ ಅದು ಶೇಕಡ 60 ಜಾಸ್ತಿ! ಇಷ್ಟು ಗೊತ್ತಿದ್ದೂ ಹಲವು ಕಡೆ ಮನೆಗೆ ಹಾಕಿದ ಎತ್ತರದ ಮಿತಿಯನ್ನೇ ಗಾಳಿಕಂಬಕ್ಕೂ ಹಾಕುತ್ತಾರೆ. ಕಂಬ ಗಿಡ್ಡವಾಗುತ್ತದೆ, ಯಂತ್ರ ತೂಕಡಿಸುತ್ತದೆ, ಆಮೇಲೆ ಯಂತ್ರವೇ ದಂಡ ಅಂತ ಬೈಗುಳ. ಮನೆಗಳಿಂದ ಇಷ್ಟು ದೂರ, ಸದ್ದು ಇಷ್ಟರೊಳಗೆ ಅಂತ ಗೆರೆ ಹಾಕಿ. ಅದರೊಳಗೆ ಬರುವ ಕಂಬಕ್ಕೆ ನಾಲ್ಕು ಕಚೇರಿ ಸುತ್ತಿಸದೆ ಒಪ್ಪಿಗೆ ಕೊಡಿ. ಹಣವನ್ನು ಯಂತ್ರ ಕೂರಿಸಿದ್ದಕ್ಕಲ್ಲ, ಅದು ಕೊಟ್ಟ ಯೂನಿಟ್ಟಿಗೆ ಕೊಡಿ.

ವಿರೋಧ: ಗಾಳಿ ಇಲ್ಲದ ಕಡೆ ದುಡ್ಡು ಸುರಿಯಬೇಡಿ

ಪರಿಚಯದವರೊಬ್ಬರು ತಾರಸಿಯ ಮೇಲೆ ಗಾಳಿಯಂತ್ರ ಹಾಕಿಸಿದ್ದರು. ಒಂದು ಸಂಜೆ ಅದರ ಪಕ್ಕದಲ್ಲೇ ನಿಂತು ನೋಡಿದೆ. ಬಿದಿರು ಕೋಲಿನ ತುದಿಗೆ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿ ಎತ್ತಿ ಹಿಡಿದೆವು. ಒಳ್ಳೆಯ ಗಾಳಿಯಾದರೆ ಪಟ್ಟಿ ಒಂದೇ ದಿಕ್ಕಿಗೆ ಚಾಚಿಕೊಂಡು ನಿಲ್ಲಬೇಕು. ಇದು ಎಡಕ್ಕೆ ಹೊಡೆಯಿತು, ಕೋಲಿಗೆ ಸುತ್ತಿಕೊಂಡಿತು, ಬಿಚ್ಚಿ ಮೇಲಕ್ಕೆ ಹಾರಿತು. ಯಂತ್ರದ ಬಾಲವೂ ಹಾಗೇ, ಗಾಳಿ ಎಲ್ಲಿಂದ ಅಂತ ಹುಡುಕುತ್ತಾ ಆಚೆ ಈಚೆ ತಿರುಗುತ್ತಿತ್ತು. ರೆಕ್ಕೆ ನಾಲ್ಕು ಸುತ್ತು ತಿರುಗಿ ನಿಲ್ಲುತ್ತಿತ್ತು. ಪಾಪ, ಅವರು ಎಷ್ಟು ಆಸೆಯಿಂದ ಹಾಕಿಸಿದ್ದರು ಅನ್ನೋದು ನನಗೆ ಗೊತ್ತು.

ಲೆಕ್ಕ ಕಷ್ಟದ್ದೇನಲ್ಲ. ಮೂರು ಮೀಟರ್ ಅಗಲದ ಚಕ್ರ ಅಂತಿಟ್ಟುಕೊಳ್ಳಿ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿದರೆ ಚಕ್ರದ ಮೂಲಕ ಹಾಯುವ ಶಕ್ತಿ ಸುಮಾರು 540 ವ್ಯಾಟ್. ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ ತೋರಿಸಿದಂತೆ ಇದರಲ್ಲಿ ಶೇಕಡ 59.3ಕ್ಕಿಂತ ಜಾಸ್ತಿ ಯಾವ ಯಂತ್ರವೂ ಹಿಡಿಯಲಾರದು. ಸಣ್ಣ ಯಂತ್ರಕ್ಕೆ ಕಾಲು ಭಾಗ ದಕ್ಕಿದರೆ 135 ವ್ಯಾಟ್. ಗಾಳಿ 3 ಮೀಟರಿಗೆ ಇಳಿದರೆ 30 ವ್ಯಾಟೂ ಇಲ್ಲ. ಯಾವ ಸಬ್ಸಿಡಿಯೂ ಈ ಲೆಕ್ಕ ಬದಲಿಸುವುದಿಲ್ಲ.

ಬ್ರಿಟನ್ನಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಯಂತ್ರಗಳನ್ನು ಅಳೆದು ನೋಡಿ 2009ರಲ್ಲಿ ವರದಿ ಕೊಟ್ಟರು. ಸರಾಸರಿ ಉತ್ಪಾದನೆ ಪೂರ್ಣ ಸಾಮರ್ಥ್ಯದ ಶೇಕಡ ಒಂದೂ ಮುಟ್ಟಲಿಲ್ಲ. ಕೆಲವು ಯಂತ್ರಗಳಂತೂ ತಾವು ಕೊಟ್ಟಿದ್ದಕ್ಕಿಂತ ಜಾಸ್ತಿ ಕರೆಂಟನ್ನು ತಮ್ಮ ಇನ್ವರ್ಟರಿಗೇ ತಿಂದವು.

ಡೆನ್ಮಾರ್ಕಿನ ಕಥೆ ಹೇಳುವವರು ಕ್ಯಾಲಿಫೋರ್ನಿಯಾದ್ದನ್ನೂ ಹೇಳಬೇಕು. 1980ರ ದಶಕದ ಮೊದಲಲ್ಲಿ ಅಲ್ಲಿ ಕೇಂದ್ರ ಮತ್ತು ರಾಜ್ಯದ ತೆರಿಗೆ ರಿಯಾಯಿತಿ ಸೇರಿ ಹಾಕಿದ ಬಂಡವಾಳದ ಅರ್ಧದಷ್ಟು ವಾಪಸ್ ಸಿಗುತ್ತಿತ್ತು, ಯಂತ್ರ ತಿರುಗಿದರೂ ಸರಿ, ತಿರುಗದಿದ್ದರೂ ಸರಿ. ಗಾಳಿ ಬಂದಾಗ ತೂರಿಕೊಳ್ಳುವವರು ಬಂದರು. ಅರೆಬೆಂದ ಯಂತ್ರಗಳು ಸಾಲುಸಾಲು ಎದ್ದವು, ಎಷ್ಟೋ ಮುರಿದು ನಿಂತವು. 1985ರ ಕೊನೆಗೆ ಕೇಂದ್ರದ ರಿಯಾಯಿತಿ ಮುಗಿಯಿತು, ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಉತ್ಪಾದಿಸಿದ ಯೂನಿಟ್ಟಿಗೆ ರಿಯಾಯಿತಿ ಎಂಬ ಪದ್ಧತಿ ಅಮೆರಿಕದಲ್ಲಿ ಬಂದದ್ದು 1992ರ ಕಾಯ್ದೆಯಿಂದ.

ಯೂನಿಟ್ಟಿಗೆ ಹಣ ಅನ್ನೋದು ಇದಕ್ಕಿಂತ ಮೇಲು, ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಹಣಕ್ಕೆ ಸೌರ ಫಲಕ ಹಾಕಿದರೆ ಏನು ಸಿಗುತ್ತದೆ? ಅದರಲ್ಲಿ ತಿರುಗುವ ಭಾಗವೇ ಇಲ್ಲ. ಗಾಳಿಯಂತ್ರಕ್ಕೆ ಬೇರಿಂಗ್ ಸವೆಯುತ್ತದೆ, ರೆಕ್ಕೆಯ ಅಂಚು ಹರಿಯುತ್ತದೆ, ಬಿರುಗಾಳಿಗೆ ಬ್ರೇಕ್ ಕೈಕೊಟ್ಟರೆ ಅಪಾಯ. ರಿಪೇರಿಗೆ ಕಂಬ ಹತ್ತಬೇಕು, ಇಲ್ಲ ಕಂಬವನ್ನೇ ಇಳಿಸಬೇಕು. ಆ ಕೆಲಸ ಬಲ್ಲವರು ಎಲ್ಲಿದ್ದಾರೆ? ಎಗ್ ದ್ವೀಪದಲ್ಲಿ ಜನ ತಾವೇ ಕಲಿತು ನೋಡಿಕೊಳ್ಳುತ್ತಾರೆ, ಯಾಕೆಂದರೆ ಹೊರಗಿನ ಲೈನ್ ಅಲ್ಲಿಗೆ ಬರುವುದೇ ಇಲ್ಲ. ಅಲ್ಲೂ ದೊಡ್ಡ ಪಾಲು ನೀರಿನದೇ. ಮನೆ ಮುಂದೆಯೇ ಲೈನ್ ಹಾದುಹೋಗುವ ಊರಿಗೆ ಆ ಉದಾಹರಣೆ ಹೊಂದುವುದಿಲ್ಲ.

ಕಂಬದ ಎತ್ತರದ ಮಾತೂ ಅರ್ಧ ನಿಜ. 30 ಮೀಟರ್ ಕಂಬದ ಪಕ್ಕ ಮಲಗುವವರು ಬೇರೆಯವರು. ರಾತ್ರಿಯಿಡೀ ಒಂದೇ ಲಯದ ಸದ್ದು, ಬೆಳಿಗ್ಗೆ ಕಿಟಕಿಯಲ್ಲಿ ಓಡಾಡುವ ರೆಕ್ಕೆಯ ನೆರಳು. ಅವರನ್ನು ಕೇಳುವುದು ಅಡ್ಡಗಾಲು ಹಾಕಿದಂತಲ್ಲ.

ಸರ್ಕಾರ ಖರ್ಚು ಮಾಡಲೇಬೇಕೆಂದರೆ ಮೊದಲು ಅಳತೆಗೆ ಮಾಡಲಿ. ಅಮೆರಿಕದ ಕೆಲವು ರಾಜ್ಯಗಳು ಗಾಳಿಯ ವೇಗ ಅಳೆಯುವ ಉಪಕರಣವನ್ನೇ ಎರವಲು ಕೊಡುತ್ತಿದ್ದವು. ಒಂದು ವರ್ಷ ಅದು ಕಂಬದ ತುದಿಯಲ್ಲಿ ತಿರುಗಲಿ. ನನ್ನ ಪರಿಚಯದವರು ಹೀಗೆ ಮಾಡಿದ್ದರೆ ಯಂತ್ರ ಕೊಳ್ಳುತ್ತಲೇ ಇರಲಿಲ್ಲ.